ನೀರು ಕುದಿದರೆ ಅಣು ಒಡೆಯುವುದಿಲ್ಲ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ವಿಜ್ಞಾನ ಪುಟದಲ್ಲಿ ನೀರಿನ ಬಗ್ಗೆ ಬಂದ ಲೇಖನ ಓದಿದೆ. ಬರವಣಿಗೆ ಚೆನ್ನಾಗಿದೆ. ಆದರೆ ಜೊತೆಗೆ ಹಾಕಿದ ಚಿತ್ರ ತಪ್ಪು. ನೀರಿನ ಒಂದೇ ಒಂದು ಅಣು ಬಿಡಿಸಿ, ಅದರೊಳಗೆ ಆಮ್ಲಜನಕಕ್ಕೂ ಜಲಜನಕಕ್ಕೂ ನಡುವೆ ಇರುವ ಗೆರೆಗೆ ಬಾಣ ಎಳೆದು ‘ಹೈಡ್ರೋಜನ್ ಬಂಧ’ ಎಂದು ಬರೆದಿದ್ದೀರಿ. ಅದರ ಕೆಳಗೆ ‘ನೀರು ಕುದಿಯುವಾಗ ಈ ಬಂಧ ಕಡಿದುಹೋಗುತ್ತದೆ’ ಎಂಬ ಸಾಲು. ಎರಡನ್ನೂ ಸೇರಿಸಿ ನೋಡಿದ ವಿದ್ಯಾರ್ಥಿಗೆ ಏನು ಅನ್ನಿಸುತ್ತದೆ? ಕುದಿದ ನೀರು ಜಲಜನಕ, ಆಮ್ಲಜನಕವಾಗಿ ಬೇರೆಯಾಗುತ್ತದೆ ಅಂತ ತಾನೇ?

ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವಳು. ಇದೇ ಮಾತನ್ನು ಉತ್ತರ ಪತ್ರಿಕೆಗಳಲ್ಲಿ ಪ್ರತಿ ವರ್ಷ ಓದುತ್ತೇನೆ. ದಡ್ಡರಲ್ಲ, ಚೆನ್ನಾಗಿ ಓದುವ ಮಕ್ಕಳೇ ಹಾಗೆ ಬರೆಯುತ್ತಾರೆ. ಒಮ್ಮೆ ಮನಸ್ಸಿನಲ್ಲಿ ಕೂತ ಚಿತ್ರವನ್ನು ತೆಗೆಯುವುದು ಬಹಳ ಕಷ್ಟ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ತರಗತಿಯಲ್ಲಿ ಅವರಿಗೆ ಒಂದು ಪ್ರಶ್ನೆ ಕೇಳುತ್ತೇನೆ. ಕುದಿಯುವ ನೀರಿನಿಂದ ಜಲಜನಕ, ಆಮ್ಲಜನಕ ಹೊರಬರುವುದೇ ನಿಜವಾದರೆ, ಪಕ್ಕದಲ್ಲಿ ಬೆಂಕಿ ಇದ್ದಾಗ ಆ ಹಬೆ ಸಿಡಿಯಬೇಕಿತ್ತಲ್ಲ? ಸಿಡಿಯುವುದಿಲ್ಲ. ತಣ್ಣನೆಯ ತಟ್ಟೆ ಹಿಡಿದರೆ ಹಬೆ ಸುಮ್ಮನೆ ಹನಿಯಾಗಿ ಇಳಿಯುತ್ತದೆ. ಹೋದದ್ದೂ ನೀರೇ, ಬಂದದ್ದೂ ನೀರೇ. ಗುಂಪು ಚದುರಿದರೆ ಮನುಷ್ಯರ ಕೈಕಾಲು ಕಳಚುವುದಿಲ್ಲ, ಅಲ್ವಾ?

ಲೆಕ್ಕವೂ ಇದನ್ನೇ ಹೇಳುತ್ತದೆ. 100 ಡಿಗ್ರಿಯಲ್ಲಿರುವ 18 ಗ್ರಾಂ ನೀರನ್ನು ಆವಿ ಮಾಡಲು ಸುಮಾರು 41 ಕಿಲೋಜೂಲ್ ಶಕ್ತಿ ಸಾಕು. ಅಷ್ಟೇ ಆವಿಯ ಅಣುಗಳನ್ನು ಒಡೆದು ಬಿಡಿ ಪರಮಾಣುಗಳನ್ನಾಗಿ ಮಾಡಬೇಕಾದರೆ 900 ಕಿಲೋಜೂಲ್‌ಗಿಂತ ಜಾಸ್ತಿ ಬೇಕು. ಒಲೆಯ ಮೇಲೆ ನಡೆಯುವುದು ಮೊದಲನೆಯದು ಮಾತ್ರ.

ಹಾಗಾದರೆ ಆ 41 ಕಿಲೋಜೂಲ್ ಯಾವುದನ್ನು ಬಿಡಿಸಲು ಖರ್ಚಾಗುತ್ತದೆ? ಮುಖ್ಯವಾಗಿ ಹೈಡ್ರೋಜನ್ ಬಂಧವನ್ನೇ. ಅದು ಒಂದು ಅಣುವಿಗೂ ಪಕ್ಕದ ಅಣುವಿಗೂ ನಡುವಿನ ಸೆಳೆತ. ನೀರಿನ ಅಣುವಿನಲ್ಲಿ ಆಮ್ಲಜನಕ ಎಲೆಕ್ಟ್ರಾನುಗಳನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಜಲಜನಕಕ್ಕೆ ಇರುವುದೇ ಒಂದು ಎಲೆಕ್ಟ್ರಾನ್, ಒಳಪದರ ಅಂತ ಬೇರೆ ಇಲ್ಲ. ಆ ಒಂದೂ ಅತ್ತ ಸರಿದಾಗ ಅದರ ನ್ಯೂಕ್ಲಿಯಸ್ ಹೆಚ್ಚುಕಡಿಮೆ ಬರಿದಾಗುತ್ತದೆ. ಆಗ ಪಕ್ಕದ ಅಣುವಿನ ಆಮ್ಲಜನಕ, ಯಾವ ಬಂಧದಲ್ಲೂ ಸೇರದ ತನ್ನ ಬಿಡಿ ಎಲೆಕ್ಟ್ರಾನ್ ಜೋಡಿಯೊಂದಿಗೆ ಅದರ ತೀರಾ ಹತ್ತಿರಕ್ಕೆ ಬರಬಹುದು. ಬೇರೆ ಧಾತುಗಳಿಗೆ ಈ ಅನುಕೂಲ ಇಲ್ಲ.

ಆದ್ದರಿಂದ ತಿದ್ದಿದ ಚಿತ್ರದಲ್ಲಿ ಒಂದು ಅಣು ಸಾಲದು, ಐದು ಬೇಕು. ನಡುವೆ ಒಂದು, ಸುತ್ತ ನಾಲ್ಕು. ಅಣುವಿನೊಳಗೆ ಗಟ್ಟಿ ಗೆರೆ, ಅಣುಗಳ ನಡುವೆ ಚುಕ್ಕಿ ಗೆರೆ ಹಾಕಿ. ಚುಕ್ಕಿ ಗೆರೆ ಉದ್ದವಾಗಿರಲಿ: ಒಳಗಿನ ದೂರ ಸುಮಾರು 0.1 ನ್ಯಾನೋಮೀಟರ್, ನಡುವಿನದು 0.18ರ ಆಸುಪಾಸು. ಇದು ಸಣ್ಣ ವಿಷಯವಲ್ಲ. ಡಿಎನ್‌ಎಯ ಎರಡು ಎಳೆಗಳನ್ನು ಜೋಡಿಸಿರುವುದೂ ಇಂಥ ಚುಕ್ಕಿ ಗೆರೆಗಳೇ. ಎಳೆಗಳಲ್ಲಿ ಎದುರುಬದುರು ನಿಲ್ಲುವ ಘಟಕಗಳ ಪೈಕಿ ಅಡೆನಿನ್ ಮತ್ತು ಥೈಮಿನ್ ನಡುವೆ ಎರಡು, ಗ್ವಾನಿನ್ ಮತ್ತು ಸೈಟೊಸಿನ್ ನಡುವೆ ಮೂರು. ಎಳೆಗಳು ತುಂಡಾಗದೆ ಒಂದರಿಂದ ಒಂದು ಬಿಚ್ಚಿಕೊಳ್ಳುತ್ತವೆ, ನಕಲಾಗುತ್ತವೆ. ಎರಡು ಬಗೆಯ ಗೆರೆಗಳ ವ್ಯತ್ಯಾಸ ಗೊತ್ತಿಲ್ಲದವರಿಗೆ ಇದನ್ನು ಹೇಗೆ ಪಾಠ ಮಾಡುವುದು?

ಇನ್ನೊಂದು ಮಾತು. ಹೈಡ್ರೋಜನ್ ಬಂಧ ಫ್ಲೋರಿನ್, ಆಮ್ಲಜನಕ, ಸಾರಜನಕ ಈ ಮೂರರಲ್ಲಿ ಮಾತ್ರ ಎಂದು ಲೇಖನ ಹೇಳುತ್ತದೆ. ಎಷ್ಟೋ ಪಠ್ಯಪುಸ್ತಕಗಳೂ ಹಾಗೇ ಹೇಳುತ್ತವೆ. ಆದರೆ ರಸಾಯನಶಾಸ್ತ್ರದ ಹೆಸರು, ವ್ಯಾಖ್ಯೆಗಳನ್ನು ನಿಗದಿ ಮಾಡುವ ಅಂತಾರಾಷ್ಟ್ರೀಯ ಸಂಸ್ಥೆ ಐಯುಪ್ಯಾಕ್ 2011ರಲ್ಲಿ ಕೊಟ್ಟ ಹೊಸ ವ್ಯಾಖ್ಯೆಯಲ್ಲಿ ಈ ಬೇಲಿ ಇಲ್ಲ. ಆ ವ್ಯಾಖ್ಯೆ ಸಿದ್ಧಪಡಿಸಿದ ತಂಡದ ಮುಂದಾಳು ಭಾರತೀಯ ವಿಜ್ಞಾನ ಸಂಸ್ಥೆಯ ಇ. ಅರುಣನ್. ಅತಿ ಶೀತದಲ್ಲಿ ಹೈಡ್ರೋಜನ್ ಸಲ್ಫೈಡಿನ, ಅಂದರೆ ಜಲಜನಕ ಮತ್ತು ಗಂಧಕದ ಸಂಯುಕ್ತದ, ಎರಡು ಅಣುಗಳು ಕೂಡ ನೀರಿನ ಅಣುಗಳ ಹಾಗೇ ಹೈಡ್ರೋಜನ್ ಬಂಧದಿಂದ ಜೋಡಿಯಾಗುತ್ತವೆ ಎಂದು ಅವರೂ ಅವರ ಜೊತೆಗಾರರೂ 2018ರಲ್ಲಿ ತೋರಿಸಿದರು. ಇದನ್ನು ಓದಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ನಮ್ಮ ಮಕ್ಕಳಿಗೆ ಇದು ಗೊತ್ತಾಗಬೇಡವೇ?

ಸಲ್ಫೈಡಿನ ಬಂಧ ದುರ್ಬಲ, ನಿಜ. ಅದು ಮೈನಸ್ 60 ಡಿಗ್ರಿಯಲ್ಲೇ ಕುದಿದುಬಿಡುತ್ತದೆ. ಆವರ್ತಕ ಕೋಷ್ಟಕದಲ್ಲಿ ಆಮ್ಲಜನಕ, ಅದರ ಕೆಳಗೆ ಗಂಧಕ ಇರುವ ಗುಂಪಿನಲ್ಲೇ ಇನ್ನೂ ಕೆಳಗೆ ಹೋದರೆ, ಜಲಜನಕದ ಜೊತೆ ಸೆಲೆನಿಯಮ್ಮಿನ ಸಂಯುಕ್ತ ಮೈನಸ್ 41ರಲ್ಲಿ, ಟೆಲ್ಲೂರಿಯಮ್ಮಿನದು ಸೊನ್ನೆಗಿಂತ ತುಸು ಕೆಳಗೆ ಕುದಿಯುತ್ತವೆ. ಈ ಸಾಲಿನ ಪ್ರಕಾರ ನೀರು ಮೈನಸ್ 60ಕ್ಕಿಂತಲೂ ಕೆಳಗೆ ಕುದಿಯಬೇಕಿತ್ತು. ಕುದಿಯುವುದು 100ರಲ್ಲಿ. ಹೈಡ್ರೋಜನ್ ಬಂಧದ ಕಸುವು ಇಲ್ಲಿ ಎದ್ದು ಕಾಣುತ್ತದೆ. ಎಥನಾಲ್ ಮತ್ತು ಡೈಮೀಥೈಲ್ ಈಥರ್ ಎರಡರ ಅಣುವಿನಲ್ಲೂ ಅವೇ ಪರಮಾಣುಗಳು, ಅಷ್ಟೇ ಸಂಖ್ಯೆಯಲ್ಲಿ. ಆದರೂ ಅಣುಗಳ ನಡುವೆ ಹೈಡ್ರೋಜನ್ ಬಂಧವಿರುವ ಎಥನಾಲ್ 78 ಡಿಗ್ರಿಯಲ್ಲಿ ಕುದಿದರೆ, ಅದಿಲ್ಲದ ಈಥರ್ ಮೈನಸ್ 24ರಲ್ಲಿ!

ಆದರೆ ಆ ಸಾಲನ್ನೇ ಇನ್ನೊಮ್ಮೆ ನೋಡಿ. ಸಲ್ಫೈಡಿನಿಂದ ಟೆಲ್ಲೂರೈಡಿಗೆ ಹೋಗುವಾಗ ಕುದಿಬಿಂದು ಏರುತ್ತಲೇ ಇದೆಯಲ್ಲ, ಅದನ್ನು ಏರಿಸುತ್ತಿರುವುದು ಯಾವುದು? ಹೈಡ್ರೋಜನ್ ಬಂಧವಂತೂ ಅಲ್ಲ. ಅದು ಲಂಡನ್ ಬಲ. 1930ರಲ್ಲಿ ಫ್ರಿಟ್ಜ್ ಲಂಡನ್ ಎಂಬ ಭೌತವಿಜ್ಞಾನಿ ವಿವರಿಸಿದ ಕಾರಣ ಆ ಹೆಸರು. ಎಲೆಕ್ಟ್ರಾನುಗಳ ಮೋಡ ಕ್ಷಣ ಹೊತ್ತು ಒಂದು ಬದಿಗೆ ವಾಲುತ್ತದೆ, ಪಕ್ಕದ ಅಣುವಿನ ಮೋಡವನ್ನೂ ವಾಲಿಸುತ್ತದೆ, ಎರಡೂ ಒಂದನ್ನೊಂದು ಸೆಳೆಯುತ್ತವೆ. ಎಲೆಕ್ಟ್ರಾನು ಹೆಚ್ಚಾದಷ್ಟೂ ಸೆಳೆತ ಜಾಸ್ತಿ. ಇದು ಎಲ್ಲ ಅಣುಗಳ ನಡುವೆಯೂ ಇದೆ. ಸಾಮಾನ್ಯ ಉಷ್ಣತೆಯಲ್ಲಿ ಕ್ಲೋರಿನ್ ಅನಿಲ, ಬ್ರೋಮಿನ್ ದ್ರವ, ಅಯೋಡಿನ್ ಘನ. ಮೂರರಲ್ಲೂ ಜಲಜನಕದ ಸುಳಿವೇ ಇಲ್ಲ. ಅವನ್ನು ಹಿಡಿದಿಟ್ಟಿರುವುದು ಲಂಡನ್ ಬಲವೇ. ನಿಮ್ಮ ಲೇಖನದಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ತಿದ್ದುಪಡಿಯನ್ನು ಚಿತ್ರದ ಸಮೇತ ಪ್ರಕಟಿಸಿ. ಲಂಡನ್ ಬಲದ ಬಗ್ಗೆಯೂ ಅದೇ ಲೇಖಕರಿಂದ ಬರೆಸಿ. ಕಷ್ಟದ ವಿಷಯವನ್ನು ತಿಳಿಯಾಗಿ ಹೇಳುವ ಕೈ ಅವರದು. ಪರೀಕ್ಷೆಗೆ ಮುಂಚೆ ಬಂದರೆ ಒಳ್ಳೆಯದು. ನಿಮ್ಮ ಪುಟ ಕತ್ತರಿಸಿ ನೋಟ್ ಪುಸ್ತಕಕ್ಕೆ ಅಂಟಿಸಿಕೊಳ್ಳುವ ಮಕ್ಕಳು ನನ್ನ ತರಗತಿಯಲ್ಲಿದ್ದಾರೆ.

ಇಂತಿ,
ಒಬ್ಬ ರಸಾಯನಶಾಸ್ತ್ರ ಉಪನ್ಯಾಸಕಿ