ಬಿದ್ದ ಕಲ್ಲು ಯಾರದ್ದು? ಉಸ್ತುವಾರಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ, ನಮಸ್ಕಾರ.

ಶಿವನಸಮುದ್ರದ ವೆಸ್ಲಿ ಸೇತುವೆ ಬಗ್ಗೆ ಅರ್ಜಿ ಕೊಟ್ಟೂ ಕೊಟ್ಟೂ ಸಾಕಾಗಿದೆ. ಈ ಸಲ ಊರೆಲ್ಲ ಓದಲಿ ಅಂತ ಬರೆಯುತ್ತಿದ್ದೇನೆ. ಸ್ಮಾರಕಗಳ ಕಾನೂನನ್ನು ನಿಮಗೆ ನಾನು ಹೇಳಿಕೊಡಬೇಕಿಲ್ಲ. ಕೇಳುವುದು ಇಷ್ಟೇ: ಮಳೆಗಾಲಕ್ಕೆ ಮುಂಚೆ ಕಂಬಗಳ ಬುಡ ನೋಡಿಸಿ, ಸಿಕ್ಕಿಕೊಂಡ ಮರ ತೆಗೆಸಿ, ಬಿದ್ದ ಕಲ್ಲನ್ನು ಯಾರೂ ಹೊತ್ತೊಯ್ಯದಂತೆ ನೋಡಿಕೊಳ್ಳಿ.

ಸುಮಾರು ಇನ್ನೂರು ವರ್ಷದ ಹಿಂದೆ ರಾಮಸ್ವಾಮಿ ಮೊದಲಿಯಾರ್ ಮುಂದೆ ನಿಂತು ಇಲ್ಲಿ ಸೇತುವೆ ಕಟ್ಟಿಸಿದರು. ಸರ್ಕಾರ ಅವರಿಗೆ 'ಜನೋಪಕಾರ ಕಾಮಕರ್ತ' ಅಂತ ಬಿರುದು ಕೊಟ್ಟಿತು. ಆ ಹುದ್ದೆ ಈಗ ಖಾಲಿ ಬಿದ್ದ ಹಾಗಿದೆ. ಶ್ರೀರಂಗಪಟ್ಟಣದಲ್ಲಿ ದಿವಾನ್ ಪೂರ್ಣಯ್ಯನವರು 1804ರಲ್ಲಿ ಮುಗಿಸಿದ ವೆಲ್ಲೆಸ್ಲಿ ಸೇತುವೆಯದ್ದೂ ಇದೇ ರೀತಿಯ ಕೆಲಸ. ಕಮಾನಿಲ್ಲ. ಹೊಳೆಯಲ್ಲಿ ನೆಟ್ಟ ಕಲ್ಲುಕಂಬ, ಅದರ ತಲೆ ಮೇಲೆ ಅಡ್ಡ ತೊಲೆ, ತೊಲೆ ಮೇಲೆ ಹಾಸುಗಲ್ಲು. 1924ರ ಮಹಾಪ್ರವಾಹವನ್ನೂ ಎರಡೂ ದಾಟಿ ಬಂದವು. ಕಂಬ ಹತ್ತಿರ ಹತ್ತಿರ ಇರುವುದರಿಂದ ತೇಲಿ ಬಂದ ಮರ ಅಲ್ಲೇ ಅಡ್ಡ ಸಿಕ್ಕಿಕೊಳ್ಳುತ್ತದೆ, ಅದಕ್ಕೆ ಕಸ ಕೂಡುತ್ತದೆ, ನೀರು ಇಡೀ ಸೇತುವೆಯನ್ನೇ ಒದೆಯುತ್ತದೆ. ಸಂದಿಯಲ್ಲಿ ಅರಳಿ ಗಿಡ ಬೇರುಬಿಟ್ಟರಂತೂ ಕಲ್ಲಿಗೂ ಕಲ್ಲಿಗೂ ಬೇರೆ ವಾಸ. 2018ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿದಾಗ ವೆಸ್ಲಿ ಸೇತುವೆಯ ಒಂದು ಭಾಗ ಕೊಚ್ಚಿಹೋಯಿತಲ್ಲ, ಆಗ ನಿಮ್ಮ ಕಡೆಯವರೆಲ್ಲ ಬಂದು ಫೋಟೊ ತೆಗೆಸಿಕೊಂಡು ಹೋದರು.

ಆಮೇಲಿನ ಕಥೆ ಕೇಳಿ. ದಡದಲ್ಲಿ ಒಂದಿಷ್ಟು ಚಪ್ಪಡಿ ಬಿದ್ದಿದ್ದವು, ಉಳಿಯ ಗುರುತು ಇನ್ನೂ ಎದ್ದು ಕಾಣುತ್ತಿತ್ತು. ಒಂದು ಸಂಜೆ ನೋಡಿದರೆ ಟ್ರ್ಯಾಕ್ಟರ್‌ಗೆ ಹೇರುತ್ತಿದ್ದಾರೆ. ಕೇಳಿದ್ದಕ್ಕೆ ಮನೆ ಮುಂದೆ ಬಟ್ಟೆ ಒಗೆಯಲು ಬೇಕು ಅಂದರು. ಮಾರನೇ ದಿನ ಬಸ್ಸಿಗೆ ಕಾದು, ಮಂಡಿ ನೋವು ನುಂಗಿ, ಕಚೇರಿಯೊಂದಕ್ಕೆ ಹೋದೆ. ಊಟದ ಹೊತ್ತು, ಕೂತುಕೊಳ್ಳಿ ಅಂದರು. ಕೂರಲು ಕುರ್ಚಿ ಇರಲಿಲ್ಲ. ಮಧ್ಯಾಹ್ನ ಕಳೆದ ಮೇಲೆ ಬಂದ ಸಾಹೇಬರು ನನ್ನ ಮಾತು ಪೂರ್ತಿ ಕೇಳಿಸಿಕೊಂಡು ಹೇಳಿದರು: "ನಿಂತಿರೋದು ಸ್ಮಾರಕ ಸ್ವಾಮಿ. ಬಿದ್ದಿರೋದು ಬರೀ ಕಲ್ಲು." ಅಲ್ಲಿದ್ದವರು ನಕ್ಕರು. ನಾನೂ ನಗಬೇಕಿತ್ತೇನೋ. ಅದು ಆಚೆ ದಡದವರ ವ್ಯಾಪ್ತಿ ಅಂತಲೂ ಸೇರಿಸಿದರು. ಆಚೆ ದಡದಲ್ಲಿ ಕೇಳಿದರೆ ಈಚೆ ದಡದ ಕಡೆ ಕೈ ತೋರಿಸಿದರು. ನಡುವಿನ ಹೊಳೆಗೆ ಯಾವ ಕಚೇರಿಯೂ ಇಲ್ಲ.

1902ರಲ್ಲೇ ಇದೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಮುಟ್ಟಿಸಿದ ನಾಡು ಇದು. ಇಲ್ಲಿಂದ ಒಂದು ಅರ್ಜಿ ಮಾತ್ರ ನಿಮ್ಮ ಮೇಜು ಮುಟ್ಟುತ್ತಿಲ್ಲ.

ಹಂಪಿಯಲ್ಲಿ ತುಂಗಭದ್ರೆಯ ನೀರಲ್ಲಿ ಹಳೇ ಸೇತುವೆಯೊಂದರ ಮೇಲಿನ ಹಾಸು ಹೋಗಿ ಬರೀ ಕಂಬಗಳ ಸಾಲು ನಿಂತಿದೆ. ಪ್ರವಾಸಿಗರು ಅದನ್ನೂ ಚಂದ ಅಂತಾರೆ. ನಮ್ಮ ಸೇತುವೆಗೆ ಆ ಚಂದ ಬೇಡ. ದುಡ್ಡಿಲ್ಲ ಅನ್ನಬೇಡಿ, ಬಂದು ಹೋಗುವ ಕಾರುಗಳ ಡೀಸೆಲ್ಲಿನಲ್ಲೇ ಮರ ಕಡಿಸಬಹುದಿತ್ತು.

ಮತ್ತೆ ಹೇಳುತ್ತೇನೆ: ಬುಡ ನೋಡಿಸಿ. ಮರ ತೆಗೆಸಿ. ಕಲ್ಲು ಉಳಿಸಿ. ಈ ಮಳೆಗಾಲಕ್ಕೆ ಮುಂಚೆ, ಮುಗಿದ ಮೇಲಲ್ಲ. ಎರಡೂ ದಡಕ್ಕೆ ಜವಾಬ್ದಾರನಾದ ಒಬ್ಬ ಎಂಜಿನಿಯರ್ ಹೆಸರನ್ನು ಸೇತುವೆ ಹತ್ತಿರ ಬೋರ್ಡಿನಲ್ಲಿ ಬರೆಸಿ.

ಹಿಂದಿನ ಅರ್ಜಿಗಳ ಪ್ರತಿ ಲಗತ್ತಿಸಿಲ್ಲ. ನಿಮ್ಮ ಕಚೇರಿಯಲ್ಲೇ ಇವೆ, ಹುಡುಕಿಸಿ.

ಇಂತಿ,
ಹೊಳೆದಂಡೆಯ ಒಬ್ಬ ಮತದಾರ