‘ವಾಕಿಂಗ್ ಮಾಡಿ’ ಅಂದರೆ ಎಷ್ಟು?

ಮಾನ್ಯ ಸಂಪಾದಕರೇ,

ನಾನು 31 ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಹಾಸನ–ಸಕಲೇಶಪುರ–ಮಂಗಳೂರು ರೂಟಿನಲ್ಲೇ ಜಾಸ್ತಿ ಓಡಾಡಿದ್ದು. ನನ್ನ ಮಗಳು ಈಗ ಹೊರ ರಾಜ್ಯದಲ್ಲಿ ಎಕ್ಸರ್‌ಸೈಜ್ ಫಿಸಿಯಾಲಜಿಯಲ್ಲಿ, ಅಂದರೆ ವ್ಯಾಯಾಮ ಮಾಡಿದಾಗ ದೇಹದೊಳಗೆ ಏನಾಗುತ್ತದೆ ಎಂಬ ವಿಷಯದಲ್ಲಿ, ಎಂ.ಎಸ್ಸಿ. ಓದುತ್ತಿದ್ದಾಳೆ. ‘ಜಿಮ್ ಮಾಸ್ಟರ್ ಆಗ್ತಾಳಾ?’ ಎಂದು ಬೀದಿಯವರು ಕೇಳುತ್ತಾರೆ. ಮೊದಲು ನನಗೂ ಅಷ್ಟೇ ಗೊತ್ತಿದ್ದಿದ್ದು.

ದೀಪಾವಳಿಗೆ ಬಂದಾಗ ಅವಳೊಂದು ವಿಷಯ ಹೇಳಿದಳು. ಲಂಡನ್ನಿನಲ್ಲಿ ಜೆರ್ರಿ ಮಾರಿಸ್ ಎಂಬ ಡಾಕ್ಟರು ಡಬಲ್ ಡೆಕ್ಕರ್ ಬಸ್ಸಿನವರ ಆರೋಗ್ಯದ ಲೆಕ್ಕ ತೆಗೆದರಂತೆ. ಇಡೀ ದಿನ ಕೂತಿರುವ ಡ್ರೈವರ್‌ಗಳಿಗಿಂತ, ಮಹಡಿ ಹತ್ತಿ ಇಳಿದು ಟಿಕೆಟ್ ಕೊಡುವ ಕಂಡಕ್ಟರ್‌ಗಳಿಗೆ ಹೃದಯದ ಕಾಯಿಲೆ ಕಡಿಮೆ. 1953ರಲ್ಲೇ ಇದು ಅಚ್ಚಾಗಿದೆ. ಕೇಳಿ ನಾನು ಮೀಸೆ ತಿರುವಿದೆ. ನಮ್ಮ ಬಸ್ಸಿಗೆ ಮಹಡಿ ಇರಲಿಲ್ಲ, ಆದರೆ ಹಿಂದೆ ಏಣಿ ಇತ್ತಲ್ಲ! ಬಾಳೆಗೊನೆ, ಮೂಟೆ ಎಲ್ಲ ಟಾಪಿಗೆ ಏರಿಸಿದ್ದು ಸುಮ್ನೆ ಹೋಗಲಿಲ್ಲ ಅಂದುಕೊಂಡೆ.

ಮಗಳು ಅಲ್ಲಿಗೇ ಬಿಡಲಿಲ್ಲ. ಆಮೇಲೆ ಅದೇ ಡಾಕ್ಟರು ಯೂನಿಫಾರಂ ಅಳತೆ ತೆಗೆಸಿ ನೋಡಿದರಂತೆ. ವಯಸ್ಸು ಚಿಕ್ಕದಿದ್ದ ಡ್ರೈವರ್‌ಗಳ ಪ್ಯಾಂಟಿನ ಸೊಂಟವೂ ಕಂಡಕ್ಟರ್‌ಗಳದಕ್ಕಿಂತ ದೊಡ್ಡದು. ‘ಹಾಗಾದ್ರೆ ಕೂತಿದ್ದಕ್ಕೆ ಕಾಯಿಲೆ ಬಂತೋ, ಮೊದಲೇ ದಪ್ಪ ಇದ್ದವರು ಡ್ರೈವರ್ ಆದರೋ? ಹೇಳಪ್ಪಾ’ ಅಂದಳು. ಮೀಸೆಯಿಂದ ಕೈ ತೆಗೆದೆ. ಇಂಥ ಗಂಟು ಬಿಡಿಸುವುದೂ ಅವಳ ಓದಿನಲ್ಲಿ ಇದೆಯಂತೆ.

ಈಗ ಬರೆಯಬೇಕಾದ ವಿಷಯಕ್ಕೆ ಬರುತ್ತೇನೆ. ನನ್ನ ಜೊತೆ 9 ವರ್ಷ ಗಾಡಿ ಓಡಿಸಿದ ಗೆಳೆಯನಿಗೆ ಹೃದಯದ ರಕ್ತನಾಳ ಕಟ್ಟಿಕೊಂಡು ಸ್ಟೆಂಟ್ ಹಾಕಿದರು. ಆಸ್ಪತ್ರೆಯಿಂದ ಕಳಿಸುವಾಗ ಚೀಟಿಯಲ್ಲಿ ಆರು ಮಾತ್ರೆ, ಕೊನೆಗೆ ‘ವಾಕಿಂಗ್ ಮಾಡಿ’. ಎಷ್ಟು ದೂರ? ಎಷ್ಟು ಜೋರಾಗಿ? ಏದುಸಿರು ಬಂದರೆ? ಮಾತ್ರೆಗೆ ಬೆಳಿಗ್ಗೆ ಒಂದು, ರಾತ್ರಿ ಒಂದು ಎಂಬ ಲೆಕ್ಕ ಇತ್ತು. ನಡಿಗೆಗೆ ಇರಲಿಲ್ಲ.

ಹೆದರಿ ಎರಡು ತಿಂಗಳು ಕುರ್ಚಿ ಬಿಟ್ಟು ಏಳಲಿಲ್ಲ. ಆಮೇಲೆ ಅವನ ಮಗ ಒಂದು ಸ್ಮಾರ್ಟ್ ವಾಚ್ ಕೊಡಿಸಿದ. ಮಹಾರಾಜ ಪಾರ್ಕಿನಲ್ಲಿ ಅದನ್ನೇ ನೋಡಿಕೊಂಡು ಬಿರಬಿರನೆ ನಡೆಯತೊಡಗಿದ. ನಾಡಿ 95 ದಾಟಲ್ಲ, ಏನೂ ತೊಂದರೆ ಇಲ್ಲ ಅನ್ನುತ್ತಿದ್ದ. ಮಗಳು ಚೀಟಿ ನೋಡಿ ಗಾಬರಿಯಾದಳು. ‘ಮಾಮ, ಇದರಲ್ಲಿ ಬೀಟಾ ಬ್ಲಾಕರ್ ಇದೆ. ಅದು ನಾಡಿಯನ್ನು ಏರೋಕೆ ಬಿಡಲ್ಲ. ವಾಚನ್ನೇ ನಂಬಬೇಡಿ. ನಡೀತಾ ನಡೀತಾ ಮಾತಾಡೋಕೆ ಆಗುತ್ತಾ ನೋಡಿಕೊಳ್ಳಿ.’ ‘ಮಿಕ್ಕಿದ್ದಕ್ಕೆ ಡಾಕ್ಟರ ಮುಂದೆಯೇ ನಡಿಗೆಯ ಪರೀಕ್ಷೆ ಮಾಡಿಸಿಕೊಳ್ಳಿ, ನಾನಿನ್ನೂ ವಿದ್ಯಾರ್ಥಿನಿ’ ಎಂದಳು.

ಆ ಪರೀಕ್ಷೆ ದೊಡ್ಡದೇನಲ್ಲ. 30 ಮೀಟರ್ ನೇರ ಜಾಗ, ಎರಡು ಗುರುತು, ಒಂದು ಗಡಿಯಾರ, ಸುಸ್ತಾದರೆ ಕೂರಲು ಕುರ್ಚಿ. 6 ನಿಮಿಷದಲ್ಲಿ ಎಷ್ಟು ದೂರ ನಡೆದರು ಎಂದು ಅಳೆಯುವುದು. ಅದನ್ನು ಇಟ್ಟುಕೊಂಡು ವಾರವಾರ ಎಷ್ಟು ಏರಿಸಬೇಕೆಂದು ಹೇಳುತ್ತಾರೆ. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆಯಂಥ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆಯಲ್ಲ, ಸ್ಟೆಂಟ್ ಹಾಕಿಸಿಕೊಂಡವನು ಮೊದಲ ದಿನವೇ ಅಲ್ಲಿಗೆ ಹಾರೋಕಾಗಲ್ಲ.

2025ರ ಜೂನ್–ಜುಲೈನಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ನಿಮ್ಮ ಪತ್ರಿಕೆಯಲ್ಲೂ ದಿನಾ ಬಂತು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ನಮ್ಮ ಊರಿನವರೇ ಸಾಲುಗಟ್ಟಿದರು. ಸತ್ತವರಲ್ಲಿ ಆಟೊ, ಟ್ಯಾಕ್ಸಿ ಓಡಿಸುವವರೂ ಇದ್ದರು. ಆಮೇಲೆ ಸುದ್ದಿ ತಣ್ಣಗಾಯಿತು.

ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲೂ ಎಕ್ಸರ್‌ಸೈಜ್ ಫಿಸಿಯಾಲಜಿ ಓದಿದ ಒಬ್ಬರಿಗೆ ಸರ್ಕಾರ ಹುದ್ದೆ ಮಾಡಲಿ. ವಾರಕ್ಕೊಮ್ಮೆ ಅವರು ಬಸ್ ಡಿಪೊ, ಆಟೊ ಸ್ಟ್ಯಾಂಡಿಗೂ ಬರಲಿ. ನನ್ನ ಮಗಳಿಗೇ ಕೊಡಿ ಅನ್ನುತ್ತಿಲ್ಲ. ಕೊಟ್ಟರೆ ಬೇಡ ಅನ್ನುವುದೂ ಇಲ್ಲ.

– ನಿವೃತ್ತ ಬಸ್ ಕಂಡಕ್ಟರ್, ಹಾಸನ