ಲ್ಯಾಪ್‌ಟಾಪ್: ಸ್ಲೀಪ್ ಬಿಡಿ, ಪಿನ್ ಹಾಕಿ

ಮಾನ್ಯ ಸಂಪಾದಕರೇ,

ಬೆಂಗಳೂರಿನಲ್ಲಿ ಕಾರಿನ ಗಾಜು ಒಡೆದು ಲ್ಯಾಪ್‌ಟಾಪ್ ಕದಿಯುವುದು ಹೊಸತೇನಲ್ಲ. ಕಳುವಾದದ್ದು ಕಚೇರಿಯ ಯಂತ್ರವಾಗಿದ್ದರೆ, 'ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆ, ಮಾಹಿತಿ ಸೋರುವ ಭಯವಿಲ್ಲ' ಎಂದು ಬರೆದು ಕಡತ ಮುಗಿಸುವುದು ವಾಡಿಕೆ. ಕಳುವಿನ ಹೊತ್ತಿಗೆ ಯಂತ್ರ ಪೂರ್ತಿ ಆಫ್ ಆಗಿತ್ತೇ, ಇಲ್ಲ ಬರೀ ಮುಚ್ಚಳ ಮುಚ್ಚಿ ಬ್ಯಾಗಿಗೆ ಹಾಕಿದ್ದೇ ಎಂದು ಯಾರೂ ಕೇಳುವುದಿಲ್ಲ. ಮುಚ್ಚಳ ಮುಚ್ಚಿದರೆ ಸಾಮಾನ್ಯವಾಗಿ ಲ್ಯಾಪ್‌ಟಾಪ್ ಸ್ಲೀಪ್‌ಗೆ ಹೋಗುತ್ತದೆ. ಆಗಲೂ ಯಂತ್ರದ ತಾತ್ಕಾಲಿಕ ಮೆಮೊರಿಯಾದ ರ‍್ಯಾಮ್‌ಗೆ ವಿದ್ಯುತ್ ಹರಿಯುತ್ತಲೇ ಇರುತ್ತದೆ, ಡಿಸ್ಕ್ ಬಿಚ್ಚುವ ಕೀಲಿಯೂ ಅಲ್ಲೇ ಉಳಿದಿರುತ್ತದೆ. ಪರದೆಯ ಮೇಲೆ ಕೇಳುವ ವಿಂಡೋಸ್ ಪಾಸ್‌ವರ್ಡ್‌ಗೂ ಆ ಕೀಲಿಗೂ ಸಂಬಂಧವಿಲ್ಲ.

ಬ್ಯಾಟರಿ ಕಿತ್ತ ಕ್ಷಣವೇ ರ‍್ಯಾಮ್ ಖಾಲಿಯಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಡಿರ‍್ಯಾಮ್ ಚಿಪ್ಪಿನಲ್ಲಿ ಪ್ರತಿ ಬಿಟ್ಟೂ ಒಂದು ಪುಟ್ಟ ಕೆಪಾಸಿಟರ್‌ನಲ್ಲಿ ನಿಂತ ಚಾರ್ಜ್. ಅದು ಸೋರಲು ಸಮಯ ಬೇಕು, ತಣ್ಣಗಾದಷ್ಟೂ ಹೆಚ್ಚು ಸಮಯ. 2008ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ತಂಡ, ಕೀಬೋರ್ಡಿನ ದೂಳು ಊದುವ ಸ್ಪ್ರೇ ಡಬ್ಬಿಯನ್ನು ತಲೆಕೆಳಗು ಹಿಡಿದು ಮೆಮೊರಿ ಚಿಪ್‌ಗಳ ಮೇಲೆ ಸಿಂಪಡಿಸಿತು. ಹಾಗೆ ಹಿಡಿದರೆ ಗಾಳಿಯ ಬದಲು ದ್ರವವೇ ಹೊರಬರುತ್ತದೆ. ಚಿಪ್ ಸುಮಾರು ಮೈನಸ್ 50 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯಿತು. ವಿದ್ಯುತ್ ಇಲ್ಲದೆ 10 ನಿಮಿಷ ಕಳೆದರೂ ಹಾಳಾದ ಬಿಟ್‌ಗಳು ಶೇ 1ಕ್ಕಿಂತ ಕಡಿಮೆ. ಮಾಡ್ಯೂಲ್ ಕಿತ್ತು ಇನ್ನೊಂದು ಯಂತ್ರಕ್ಕೆ ಸಿಕ್ಕಿಸಿ ಇಡೀ ರ‍್ಯಾಮ್ ನಕಲು ಮಾಡಿಕೊಳ್ಳಲು ಅಷ್ಟು ಸಮಯ ಧಾರಾಳ.

ಗಿಗಾಬೈಟ್‌ಗಟ್ಟಲೆ ಕಸದಲ್ಲಿ ಕೀಲಿ ಹುಡುಕುವುದು ಹೇಗೆ? ಎನ್‌ಕ್ರಿಪ್ಟ್ ಮಾಡಲು ಬಳಸುವ ಎಇಎಸ್ ವಿಧಾನ ತನ್ನ ಕೀಲಿಯನ್ನು ಮೊದಲೇ ಹಿಗ್ಗಿಸಿಟ್ಟುಕೊಳ್ಳುತ್ತದೆ: 32 ಬೈಟ್‌ನ ಕೀಲಿ 240 ಬೈಟ್ ಆಗುತ್ತದೆ. ಈ ಬೈಟ್‌ಗಳ ನಡುವೆ ಗಣಿತದ ಖಚಿತ ನಂಟಿದೆ. ಆ ನಂಟು ಎಲ್ಲಿ ಕಾಣುತ್ತದೋ ಅಲ್ಲಿ ಕೀಲಿ ಇದೆ. ಕೆಲವು ಬಿಟ್ ಅಳಿಸಿಹೋಗಿದ್ದರೂ ಉಳಿದವುಗಳಿಂದ ಲೆಕ್ಕ ಹಾಕಿ ತಿದ್ದಬಹುದು. ವಿಂಡೋಸ್‌ನ ಬಿಟ್‌ಲಾಕರ್, ಆಪಲ್‌ನ ಫೈಲ್‌ವಾಲ್ಟ್, ಟ್ರೂಕ್ರಿಪ್ಟ್, ಲಿನಕ್ಸಿನ ಡಿಎಂ-ಕ್ರಿಪ್ಟ್ ಎಂಬ ಡಿಸ್ಕ್ ಎನ್‌ಕ್ರಿಪ್ಟ್ ಮಾಡುವ ತಂತ್ರಾಂಶಗಳೆಲ್ಲವೂ ಅಂದು ಸೋತವು.

ಇದು ಹಳೆಯ ಮಾತು ಎನ್ನುವವರ ವಾದ ಅರ್ಧ ನಿಜ. ಈಗಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿರುತ್ತದೆ, ಕೀಳಲಾಗದು. ಆದರೆ ಥಟ್ಟನೆ ರೀಸ್ಟಾರ್ಟ್ ಮಾಡಿ ಯುಎಸ್‌ಬಿಯಿಂದ ಬೂಟ್ ಮಾಡುವ ದಾರಿ ಉಳಿದಿದೆ. ಅದನ್ನು ತಡೆಯಲೆಂದೇ, ಸರಿಯಾಗಿ ಶಟ್‌ಡೌನ್ ಆಗದ ಯಂತ್ರದ ರ‍್ಯಾಮನ್ನು ಬೂಟ್ ವೇಳೆ ಒರೆಸುವ ವ್ಯವಸ್ಥೆ, ಯಂತ್ರ ಶುರುವಾಗುವಾಗ ಮೊದಲು ಓಡುವ ಬಯೋಸ್‌ನಲ್ಲಿ ಬಂತು. ಒರೆಸಬೇಕೆಂಬ ಸೂಚನೆ ಕೂತಿರುವ ಚಿಪ್ಪನ್ನೇ ತಿದ್ದಿ ಎಫ್-ಸೆಕ್ಯೂರ್ ಸಂಸ್ಥೆಯ ಸಂಶೋಧಕರು 2018ರಲ್ಲಿ ಇದನ್ನೂ ದಾಟಿ ತೋರಿಸಿದರು.

ಇಷ್ಟೆಲ್ಲ ಸಾಹಸವನ್ನು ಕಾರಿನ ಗಾಜು ಒಡೆಯುವವನು ಮಾಡುವುದಿಲ್ಲ. ಅವನಿಗೆ ಬೇಕಾದದ್ದು ಸೆಕೆಂಡ್ ಹ್ಯಾಂಡ್ ಬೆಲೆ. ಆದರೆ ಪ್ರಶ್ನೆಪತ್ರಿಕೆ ಸಿದ್ಧಪಡಿಸುವವರು, ಲೆಕ್ಕ ಪರಿಶೋಧಕರು, ವಕೀಲರು, ಆಸ್ಪತ್ರೆಗಳ ದಾಖಲೆ ವಿಭಾಗದವರ ಲ್ಯಾಪ್‌ಟಾಪ್ ಒಳಗಿನ ಮಾಹಿತಿಗಾಗಿಯೇ ಕಳುವಾಗಬಹುದು. ಈ ಪತ್ರ ಅವರಿಗೆ ಯಂತ್ರ ಹಂಚುವ ಐಟಿ ವಿಭಾಗಗಳಿಗೆ.

ಅಲ್ಲಿ ನಡೆಯುವ ದೊಡ್ಡ ಲೋಪವೆಂದರೆ ಬಿಟ್‌ಲಾಕರ್ ಅನ್ನು, ಕೀಲಿ ಕಾಯುವ ಟಿಪಿಎಂ ಎಂಬ ಭದ್ರತಾ ಘಟಕ ಒಂದರ ಮೇಲೇ ಬಿಡುವುದು. ಹೀಗಿದ್ದರೆ ಪವರ್ ಬಟನ್ ಒತ್ತಿದ ಕೂಡಲೇ ಕೀಲಿ ತಾನಾಗಿ ರ‍್ಯಾಮ್‌ಗೆ ಬರುತ್ತದೆ, ಅಂದರೆ ಪೂರ್ತಿ ಆಫ್ ಮಾಡಿಟ್ಟ ಯಂತ್ರಕ್ಕೂ ಈ ದಾಳಿಯಿಂದ ರಕ್ಷಣೆಯಿಲ್ಲ. ಬೀಗದ ಪಕ್ಕದ ಮೊಳೆಗೇ ಕೀಲಿ ನೇತುಹಾಕಿದ ಹಾಗೆ. ಟಿಪಿಎಂ ಪ್ರತ್ಯೇಕ ಚಿಪ್ ಆಗಿದ್ದರೆ ಪ್ರೊಸೆಸರ್‌ಗೆ ಹೋಗುವ ತಂತಿಯಲ್ಲೇ ಕೀಲಿಯನ್ನು ಕದ್ದು ಓದಬಹುದು. ಹತ್ತು ಡಾಲರ್‌ಗಿಂತ ಕಡಿಮೆ ಖರ್ಚಿನ ರಾಸ್ಪ್‌ಬೆರಿ ಪೈ ಪಿಕೊ ಸಾಧನದಿಂದ ಹಳೆಯ ಥಿಂಕ್‌ಪ್ಯಾಡ್ ಒಂದರ ಕೀಲಿಯನ್ನು 43 ಸೆಕೆಂಡಿನೊಳಗೆ ತೆಗೆದದ್ದು 2024ರಲ್ಲಿ ಬಹಿರಂಗವಾಯಿತು.

ಪರಿಹಾರಕ್ಕೆ ಹಣ ಬೇಕಿಲ್ಲ. ವಿಂಡೋಸ್ ಪ್ರೊನಲ್ಲಿ ಗ್ರೂಪ್ ಪಾಲಿಸಿ ಎಡಿಟರ್ ತೆರೆದು, ಬಿಟ್‌ಲಾಕರ್‌ನ ಆಪರೇಟಿಂಗ್ ಸಿಸ್ಟಂ ಡ್ರೈವ್ಸ್ ವಿಭಾಗದಲ್ಲಿ ಸ್ಟಾರ್ಟಪ್ ವೇಳೆ ಹೆಚ್ಚುವರಿ ದೃಢೀಕರಣ ಕೇಳುವ ಆಯ್ಕೆಯನ್ನು ಎನೇಬಲ್ ಮಾಡಿ, ಟಿಪಿಎಂ ಜತೆ ಪಿನ್ ಕಡ್ಡಾಯಗೊಳಿಸಬೇಕು. ಆಮೇಲೆ ಪ್ರತಿ ಯಂತ್ರದಲ್ಲೂ ಪಿನ್ ಕೂಡಿಸಬೇಕು. ಪಾಲಿಸಿ ಬದಲಿಸಿದ ಮಾತ್ರಕ್ಕೆ ಪಿನ್ ಬರುವುದಿಲ್ಲ. ಸಾಮಾನ್ಯವಾಗಿ ಕನಿಷ್ಠ 6 ಅಂಕಿ. ಪದೇ ಪದೇ ತಪ್ಪು ಪಿನ್ ಒತ್ತಿದರೆ ಟಿಪಿಎಂ ತಡೆಹಿಡಿಯುವುದರಿಂದ ಇದು ಎಟಿಎಂ ಪಿನ್‌ನಂತೆ ಚಿಕ್ಕದಿದ್ದರೂ ಊಹಿಸಿ ಒಡೆಯುವುದು ಕಷ್ಟ. ವಿಂಡೋಸ್ ಹೋಮ್‌ನಲ್ಲಿ ಈ ಸೌಲಭ್ಯವಿಲ್ಲ. ಅಂಥ ಯಂತ್ರವನ್ನು ಪ್ರೊಗೆ ಏರಿಸಬೇಕು, ಇಲ್ಲವೇ ಬೂಟ್‌ಗೆ ಮುನ್ನ ಪಾಸ್‌ವರ್ಡ್ ಕೇಳುವ ವೆರಾಕ್ರಿಪ್ಟ್ ಬಳಸಬೇಕು.

ಪಿನ್ ಹಾಕಿಯೂ ಯಂತ್ರವನ್ನು ಸ್ಲೀಪ್‌ನಲ್ಲೇ ಇಟ್ಟರೆ ಶ್ರಮ ವ್ಯರ್ಥ. ಸ್ಲೀಪ್‌ನಿಂದ ಎದ್ದಾಗ ಪಿನ್ ಕೇಳುವುದೇ ಇಲ್ಲ. ಪವರ್ ಆಪ್ಷನ್ಸ್‌ನಲ್ಲಿ ಮುಚ್ಚಳ ಮುಚ್ಚಿದಾಗ ಹೈಬರ್ನೇಟ್ ಆಗುವಂತೆ (ರ‍್ಯಾಮ್‌ನಲ್ಲಿರುವುದನ್ನು ಎನ್‌ಕ್ರಿಪ್ಟ್ ಆದ ಡಿಸ್ಕ್‌ಗೆ ಬರೆದು ಯಂತ್ರ ಪೂರ್ತಿ ಆಫ್ ಆಗುವುದು), ಬ್ಯಾಟರಿಗೂ ಚಾರ್ಜರ್‌ಗೂ ಎರಡಕ್ಕೂ, ಹೊಂದಿಸಬೇಕು. ಹೈಬರ್ನೇಟ್ ಆಯ್ಕೆಯೇ ಕಾಣದಿದ್ದರೆ ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ ಸ್ಲಾಷ್ ಎಚ್ ಆನ್ ಎಂಬ ಆದೇಶ ಕೊಟ್ಟರೆ ಬರುತ್ತದೆ. ರ‍್ಯಾಮ್ ಗಾತ್ರದ ಸುಮಾರು ಶೇ 40ರಷ್ಟು ಜಾಗ ಡಿಸ್ಕ್‌ನಲ್ಲಿ ಹೋಗುತ್ತದೆ. ಎದ್ದೇಳಲು ತಡವೆಂದು ಸಿಬ್ಬಂದಿ ಗೊಣಗುವುದು ಖಂಡಿತ, ಗೊಣಗಲಿ.

ಉಬುಂಟುವಿನಲ್ಲಿ ಹೈಬರ್ನೇಟ್ ಸುಲಭವಲ್ಲ. ರ‍್ಯಾಮ್‌ನ ಪ್ರತಿ ಇಡಲು ಡಿಸ್ಕ್‌ನಲ್ಲಿ ಬೇಕಾದ ಸ್ವಾಪ್ ಜಾಗ ಸಾಲದು, ಸೆಕ್ಯೂರ್ ಬೂಟ್ ಆನ್ ಇದ್ದರೆ ಕರ್ನಲ್ಲೇ ಬಿಡದು. ಲಾಗಿನ್‌ಡಿ ಎಂಬ ಸೇವೆಯ ಸೆಟ್ಟಿಂಗ್ಸ್ ಕಡತದಲ್ಲಿ ಮುಚ್ಚಳಕ್ಕೆ ಪವರ್‌ಆಫ್ ಎಂದು ಬರೆದುಬಿಡುವುದು ಸಲೀಸು. ಆಪಲ್‌ನ ಎಂ ಸರಣಿಯ ಮ್ಯಾಕ್‌ಗಳಲ್ಲಿ ಡಿಸ್ಕ್ ಕೀಲಿ ಮುಖ್ಯ ರ‍್ಯಾಮ್‌ಗೆ ಬರುವುದೇ ಇಲ್ಲ, ಅಷ್ಟರಮಟ್ಟಿಗೆ ನಿಶ್ಚಿಂತೆ.

ಇನ್ನು ಬಯೋಸ್‌ಗೆ ಪಾಸ್‌ವರ್ಡ್ ಹಾಕಿ ಯುಎಸ್‌ಬಿ ಮತ್ತು ನೆಟ್‌ವರ್ಕ್ ಬೂಟ್ ಮುಚ್ಚಬೇಕು. ಬಯೋಸ್ ಅಪ್‌ಡೇಟ್ ಮಾಡುವಾಗ ಬಿಟ್‌ಲಾಕರ್ ಸಸ್ಪೆಂಡ್ ಮಾಡುತ್ತಾರೆ. ಆ ಸ್ಥಿತಿಯಲ್ಲಿ ಕೀಲಿ ಡಿಸ್ಕ್ ಮೇಲೆ ಬಟಾಬಯಲಾಗಿರುತ್ತದೆ. ಕೆಲಸ ಮುಗಿದ ಮೇಲೆ ಪ್ರೊಟೆಕ್ಷನ್ ಆನ್ ಎಂದು ತೋರುತ್ತಿದೆಯೇ ಎಂದು ನೋಡದೆ ಯಂತ್ರ ವಾಪಸ್ ಕೊಡಬಾರದು. 48 ಅಂಕಿಯ ರಿಕವರಿ ಕೀಲಿಯನ್ನು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಇಡುವವರಿಗೆ ಏನು ಹೇಳುವುದೋ ತಿಳಿಯದು.

ಹೊಸದಾಗಿ ಖರೀದಿಸುವ ಸರ್ಕಾರಿ ಇಲಾಖೆಗಳು ಟೆಂಡರ್‌ನಲ್ಲಿ ಒಂದು ಸಾಲು ಸೇರಿಸಲಿ: ರ‍್ಯಾಮ್‌ನಲ್ಲಿರುವುದನ್ನೇ ಎನ್‌ಕ್ರಿಪ್ಟ್ ಮಾಡುವ ಪ್ರೊಸೆಸರ್ ಬೇಕು. ಎಎಂಡಿ ರೈಜನ್ ಪ್ರೊನಲ್ಲಿ ಮೆಮೊರಿ ಗಾರ್ಡ್, ಇಂಟೆಲ್ ವಿಪ್ರೊ ಸರಣಿಯ ಹೊಸ ಚಿಪ್‌ಗಳಲ್ಲಿ ಟೋಟಲ್ ಮೆಮೊರಿ ಎನ್‌ಕ್ರಿಪ್ಷನ್ ಇದೆ. ಯಂತ್ರ ಕೈಗೆ ಬಂದ ದಿನವೇ ಬಯೋಸ್ ತೆರೆದು ಅದು ಆನ್ ಆಗಿದೆಯೇ ಎಂದು ನೋಡಿ ಸಹಿ ಹಾಕುವ ಷರತ್ತೂ ಜತೆಗಿರಲಿ.

– ಮಾಹಿತಿ ಸುರಕ್ಷತಾ ಕ್ಷೇತ್ರದ ಕೆಲವು ವೃತ್ತಿಪರರು, ಬೆಂಗಳೂರು